ಹುಡುಕಿದಲ್ಲಿ ಸಿಗುವ ಗಂಟು

ಮೂತ್ರಪಿಂಡದ ಮೇಲೆ ಟೋಪಿ ಇಟ್ಟಂಗೆ ಕೂತಿರೋ ಅಡ್ರಿನಲ್ ಗ್ರಂಥಿಯ ಬಗ್ಗೆ ನಾನು ಓದಿದ್ದು ನಮ್ಮಕ್ಕನಿಂದಾಗಿ. ಯಾವುದೋ ಹೊಟ್ಟೆನೋವಿಗೆ ಸಿಟಿ ಸ್ಕ್ಯಾನ್ ಮಾಡಿಸಿದಾಗ ಅಲ್ಲೊಂದು ಸಣ್ಣ ಗಂಟು ಕಂಡಿತ್ತು. ಪರೀಕ್ಷೆಗಳೆಲ್ಲ ಆಗಿ, ಹಾರ್ಮೋನು ಸುರಿಸದ ನಿರುಪದ್ರವಿ ಅಂತ ಗೊತ್ತಾಯ್ತು. "ಹೆಂಗಸರಲ್ಲಿ ಇದು ಜಾಸ್ತಿ" ಅಂದ್ರು ಡಾಕ್ಟ್ರು.

ಜಾಸ್ತಿನಾ? ಹೀಗೆ ಆಕಸ್ಮಿಕವಾಗಿ ಪತ್ತೆಯಾಗುವ ಗಂಟುಗಳ ಲೆಕ್ಕದಲ್ಲಿ ಹೆಂಗಸರೇ ಹೆಚ್ಚು, ನಿಜ. ಆದ್ರೆ ಶವಪರೀಕ್ಷೆಯ ಲೆಕ್ಕದಲ್ಲಿ ಗಂಡು ಹೆಣ್ಣು ಹೆಚ್ಚುಕಮ್ಮಿ ಸಮ. ಹೊಟ್ಟೆಯ ಸ್ಕ್ಯಾನ್ ಹೆಂಗಸರಿಗೇ ಹೆಚ್ಚು ಆಗೋದು ಒಂದು ಕಾರಣ ಅಂತಾರೆ. ನಮ್ಮ ಕೆಲಸದಲ್ಲೂ ಹಾಗೇ, ಟೆಸ್ಟ್ ಮಾಡಿದ ಕಡೆಯೇ ಬಗ್ ಸಿಗೋದು.

ಹಾಗಂತ ಎಲ್ಲವೂ ನೋಡುವ ಕಣ್ಣಿನ ಆಟ ಅಂದ್ರೆ ತಪ್ಪಾಗುತ್ತೆ. ಕಾರ್ಟಿಸಾಲ್ ಸುರಿಸಿ ಕುಶಿಂಗ್ ಸಿಂಡ್ರೋಮ್ ತರುವ ಗಂಟು ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. ಗ್ರಂಥಿಯ ಹೊರಪದರದ ಅಪರೂಪದ ಕ್ಯಾನ್ಸರ್ ಕೂಡ ಅವರಲ್ಲೇ ತುಸು ಹೆಚ್ಚು. ಎದೆಬಡಿತ, ಬೆವರು, ತಲೆನೋವು ತರುವ ಫಿಯೋಕ್ರೋಮೋಸೈಟೋಮಾ ಮಾತ್ರ ಇಬ್ಬರಿಗೂ ಸುಮಾರಾಗಿ ಸಮ.

ನನ್ನ ತಲೆ ತಿನ್ನೋದು ಈ ಕೊನೇದು. ಇದೇ ಮೂರು ತೊಂದರೆ ನಮ್ಮೂರಲ್ಲಿ ಗಂಡಸು ಹೇಳಿದ್ರೆ ಬಿಪಿ ನೋಡಿಸ್ತಾರೆ. ಹೆಂಗಸು ಹೇಳಿದ್ರೆ "ಟೆನ್ಷನ್ನು, ಮುಟ್ಟು ನಿಲ್ಲೋ ವಯಸ್ಸು" ಅಂತಾರೆ. ಅಮ್ಮ ವರ್ಷಗಟ್ಟಲೆ ಎದೆ ಹೊಡ್ಕೊಳ್ಳುತ್ತೆ ಅಂತಿದ್ಲು. ಬಿಇ ಓದಿದ ನಾನೂ "ಸುಮ್ನೆ ಯೋಚ್ನೆ ಮಾಡ್ಬೇಡಮ್ಮ" ಅಂದವನೇ. ಕೊನೆಗೆ ನೋಡಿದ್ರೆ ಥೈರಾಯ್ಡು, ಅಡ್ರಿನಲ್ ಗಂಟೇನೂ ಇರಲಿಲ್ಲ. ಆದ್ರೆ ನಾನು ಕಿವಿಗೆ ಹಾಕ್ಕೊಳ್ಳದೇ ಇದ್ದದ್ದು ಗಂಟಿಲ್ಲ ಅಂತ ಗೊತ್ತಿದ್ದರಿಂದ ಅಲ್ಲ.