ಸಾಣೆ ಕಾಣದ ಅಲಗು

ಬೇಟೆಯ ಚೂರಿಗಳಲ್ಲಿ ಎರಡು ಬಗೆಗಳುಂಟು. ಒಂದರ ಅಲಗು ಹಿಡಿಯೊಳಕ್ಕೆ ಮಡಚಿಕೊಳ್ಳುವುದು. ಮತ್ತೊಂದರ ಅಲಗು ಹಿಡಿಯಲ್ಲಿ ಭದ್ರವಾಗಿ ನೆಟ್ಟು, ಸೊಂಟದ ಒರೆಯಲ್ಲಿ ಸದಾ ನೆಟ್ಟಗೆ ನಿಂತಿರುವುದು. ಮಡಚದ ಈ ಎರಡನೆಯ ಬಗೆಯ ಹಳೆಯ ಚೂರಿಗಳನ್ನು ಹುಡುಕಿ ಕೂಡಿಸುವ ಹವ್ಯಾಸವು ಅಮೆರಿಕದಲ್ಲಿ ವಿಶೇಷವಾಗಿ ಬೆಳೆದಿದೆ. ಮಿಷಿಗನ್ ಸಂಸ್ಥಾನದ ಗ್ಲಾಡ್‌ಸ್ಟನ್ ಎಂಬ ಊರಿನಲ್ಲಿ ವೆಬ್‌ಸ್ಟರ್ ಮಾರ್ಬಲ್ ಎಂಬಾತನು 20ನೆಯ ಶತಮಾನದ ಆರಂಭದಲ್ಲಿ ಹೊರತಂದ 'ಐಡಿಯಲ್' ಚೂರಿಗೆ ಇಂತಹ ಸಂಗ್ರಹಗಳಲ್ಲಿ ಗೌರವದ ಸ್ಥಾನವಿದೆ. ಮಾರ್ಬಲನು ಮರಗಳ ಅಂದಾಜು ಕಟ್ಟುತ್ತ ಕಾಡಿನಲ್ಲಿ ಅಲೆದವನು; ಅಲ್ಲಿ ಕೈಗೆ ಏನು ಬೇಕೆಂಬುದನ್ನು ಪುಸ್ತಕದಿಂದ ಕಲಿತವನಲ್ಲ. ತೊಗಲಿನ ಬಿಲ್ಲೆಗಳನ್ನು ಒತ್ತೊತ್ತಾಗಿ ಪೋಣಿಸಿ ಮಾಡಿದ ಹಿಡಿ, ಅಲಗಿನ ಮಗ್ಗುಲಿನಲ್ಲಿ ಉದ್ದಕ್ಕೆ ಓಡುವ ತೋಡು, ಚರ್ಮ ಸುಲಿಯುವುದಕ್ಕೆ ಅನುಕೂಲವಾಗಿ ಮೇಲಕ್ಕೆ ಬಾಗಿದ ಬಾಯಿ, ಇವೆಲ್ಲವೂ ಕೆಲಸವನ್ನು ಬಲ್ಲವನ ಕಲ್ಪನೆ.

ಆದರೆ ಈ ಸಂಗ್ರಹದ ಪೇಟೆಯಲ್ಲಿ ನಡೆಯುವ ತೂಕವು ವಿಚಿತ್ರವಾದುದು. ಯಾವ ಚೂರಿಯು ಒಮ್ಮೆಯೂ ಸಾಣೆಯ ಮುಖವನ್ನು ಕಾಣಲಿಲ್ಲವೋ, ಯಾವುದರ ಒರೆಯ ಹೊಲಿಗೆ ಒಂದೂ ಸಡಿಲವಾಗಲಿಲ್ಲವೋ, ಅದಕ್ಕೆ ಅತ್ಯಧಿಕವಾದ ಬೆಲೆ. ಮೂವತ್ತು ಚಳಿಗಾಲ ಒಬ್ಬ ಬೇಟೆಗಾರನ ಸೊಂಟದಲ್ಲಿದ್ದು, ಮಸೆದು ಮಸೆದು ಅಲಗು ಕಿರುಬೆರಳಿನ ಅಗಲಕ್ಕೆ ಇಳಿದುದನ್ನು ಕೇಳುವವರಿಲ್ಲ. ಎಂದರೆ, ಚೂರಿಯಾಗಿ ಹುಟ್ಟಿ ಚೂರಿಯಾಗಿ ಬಾಳದೆ ಉಳಿದುದಕ್ಕೆ ಮನ್ನಣೆ. ಬಾಳಿ ಸವೆದುದಕ್ಕೆ ತಾತ್ಸಾರ. ಇದು ಬರಿಯ ವ್ಯಾಪಾರದ ಮಾತಾಗಿದ್ದರೆ ವ್ಯಾಪಾರಿಗಳಿಗೇ ಬಿಡಬಹುದಾಗಿತ್ತು. ಆದರೆ ವಸ್ತುವಿನ ಯೋಗ್ಯತೆಯು ಯಾವುದರಲ್ಲಿದೆ ಎಂಬ ಹಳೆಯ ಪ್ರಶ್ನೆಯೊಂದು ಇದರೊಳಗೆ ಅಡಗಿದೆ.

ಪ್ಲೇಟೋ ತನ್ನ 'ರಿಪಬ್ಲಿಕ್' ಗ್ರಂಥದ ಮೊದಲನೆಯ ಭಾಗದಲ್ಲಿ ಸಾಕ್ರೆಟೀಸನ ಬಾಯಿಂದ ಇದನ್ನು ಎತ್ತಿಸಿದ್ದಾನೆ. ಅಲ್ಲಿ ಬರುವ ದೃಷ್ಟಾಂತಗಳಲ್ಲಿ ಒಂದು ಕತ್ತಿಯದೇ. ದ್ರಾಕ್ಷಿಯ ಬಳ್ಳಿಯನ್ನು ಕಠಾರಿಯಿಂದಲೂ ಕತ್ತರಿಸಬಹುದು. ಆದರೆ ಬಳ್ಳಿ ಸವರುವುದಕ್ಕೆಂದೇ ಮಾಡಿದ ಕತ್ತಿಯಷ್ಟು ಚೆನ್ನಾಗಿ ಮತ್ತಾವುದೂ ಕತ್ತರಿಸಲಾರದು. ಅದೇ ಆ ಕತ್ತಿಯ ಕಾರ್ಯ. ಆ ಕಾರ್ಯವನ್ನು ಚೆನ್ನಾಗಿ ನಡೆಸುವುದೇ ಅದರ ಗುಣ. ಈ ಲೆಕ್ಕದಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ಚೂರಿಯು ತನ್ನ ಗುಣವನ್ನು ತೋರುವ ಅವಕಾಶವನ್ನೇ ಪಡೆಯದ ವಸ್ತು. ಅದು ಕತ್ತರಿಸಬಲ್ಲುದು ಎಂಬುದು ನಂಬಿಕೆಯ ಮಾತು, ಅಷ್ಟೆ.

ಸಂಗ್ರಾಹಕರೇ ಆಗಾಗ ಹೇಳಿಕೊಳ್ಳುವ ಒಂದು ಸಂಗತಿ ಇಲ್ಲಿ ನೆನಪಿಗೆ ತರತಕ್ಕದ್ದು. ಫ್ಲಾರಿಡಾದ ಆರ್ಲಾಂಡೋ ಪಟ್ಟಣದಲ್ಲಿ ಕಿತ್ತಳೆಯ ತೋಟಗಳನ್ನಿಟ್ಟುಕೊಂಡಿದ್ದ ಬೋ ರ‍್ಯಾಂಡಲ್ ಎಂಬಾತನು 1930ರ ದಶಕದ ಉತ್ತರಾರ್ಧದಲ್ಲಿ ಮಿಷಿಗನ್ನಿನ ವಾಲೂನ್ ಸರೋವರಕ್ಕೆ ಹೋಗಿದ್ದಾಗ, ಒಬ್ಬನು ಚೂರಿಯಿಂದ ದೋಣಿಯ ಬಣ್ಣವನ್ನು ಕೆರೆಯುತ್ತಿದ್ದುದನ್ನು ಕಂಡನು. ಅಷ್ಟು ಒರಟು ಕೆಲಸದಲ್ಲಿಯೂ ಅಲಗಿಗೆ ಏನೂ ಊನವಾಗಿರಲಿಲ್ಲ. ಅದು ಬಿಲ್ ಸ್ಕೇಗಲ್ ಎಂಬ ಏಕಾಂತಪ್ರಿಯ ಕುಶಲಿಯ ಕೈಯ ಚೂರಿ. ರ‍್ಯಾಂಡಲನು ಅದನ್ನು ಕೊಂಡು, ನೋಡಿ, ತಾನೂ ಮಾಡಲು ಕುಳಿತನು. 1938ರಲ್ಲಿ ಆರಂಭವಾದ ಆತನ ಕಮ್ಮಟದ ಚೂರಿಗಳಿಗೆ ಮುಂದೆ ಲೋಕಪ್ರಸಿದ್ಧಿ ಬಂದಿತು. ಸ್ಕೇಗಲನು 1963ರಲ್ಲಿ ತೀರಿಕೊಂಡನು. ಈಗ ಆತನ ಚೂರಿಗಳಿಗೆ ಸಲ್ಲುವ ಬೆಲೆಯಲ್ಲಿ ದೋಣಿಯನ್ನೇ ಕೊಳ್ಳಬಹುದು. ಅವುಗಳಿಂದ ಬಣ್ಣ ಕೆರೆಯುವವನನ್ನು ಕಂಡರೆ ಸಂಗ್ರಾಹಕನು ಕೂಗಿಕೊಂಡಾನು. ಆದರೆ ಅಂದು ಹಾಗೆ ಕೆರೆಯದಿದ್ದರೆ ಆ ಚೂರಿಯನ್ನು ಯಾರು ಗಮನಿಸುತ್ತಿದ್ದರು? ಅದರ ಕೀರ್ತಿಯು ದುಡಿಮೆಯಿಂದ ಹುಟ್ಟಿತು. ಕೀರ್ತಿ ಬಂದೊಡನೆ ದುಡಿಮೆಯು ಅದಕ್ಕೆ ನಿಷಿದ್ಧವಾಯಿತು.

ಹೀಗೆಂದು ಸಂಗ್ರಾಹಕನನ್ನು ಹಳಿದುಬಿಡುವುದು ನ್ಯಾಯವಲ್ಲ. ಆತನ ಕಡೆಯಿಂದ ಹೇಳಬೇಕಾದ ಮಾತು ಬಲವಾಗಿಯೇ ಇದೆ. ಸಾಣೆ ಹಿಡಿದಾಗಲೆಲ್ಲ ಉಕ್ಕು ಸ್ವಲ್ಪ ಹೋಗುತ್ತದೆ, ಹೋದುದು ಮರಳಿ ಬಾರದು. ಎಲ್ಲರೂ ಮಸೆದು ಬಳಸಿದ್ದರೆ ಮಾರ್ಬಲನ ಅಲಗಿನ ಮೊದಲ ರೂಪವು ಹೇಗಿತ್ತೆಂಬುದನ್ನು ಇಂದು ಚಿತ್ರದಲ್ಲಿ ಮಾತ್ರ ನೋಡಬೇಕಾಗುತ್ತಿತ್ತು. ಇದಲ್ಲದೆ, ಸುಮ್ಮನಿಡುವುದೂ ಸುಲಭದ ಕೆಲಸವಲ್ಲ. ಚೂರಿಯನ್ನು ಕಾಯಬೇಕಾದ ತೊಗಲಿನ ಒರೆಯೇ, ಬಹುಕಾಲ ಅದರಲ್ಲಿಟ್ಟರೆ, ಚೂರಿಗೆ ಶತ್ರುವಾಗುವುದು. ತೊಗಲು ತೇವವನ್ನು ಹೀರುತ್ತದೆ. ಹದ ಮಾಡಿದಾಗಿನ ಕ್ಷಾರಾಮ್ಲಗಳು ಅದರಲ್ಲಿ ಉಳಿದಿರುತ್ತವೆ. ಅಲಗಿಗೆ ತುಕ್ಕು, ಹಿತ್ತಾಳೆಗೆ ಹಸುರು ಕಿಲುಬು. ಆದುದರಿಂದ ಬಲ್ಲವರು ಚೂರಿಯನ್ನೂ ಒರೆಯನ್ನೂ ಬೇರೆ ಬೇರೆಯಾಗಿ ಇಡುವರು. ದಿನವೂ ಹೊರಗೆ ಎಳೆದು, ಒರಸಿ, ಮತ್ತೆ ಸೇರಿಸುತ್ತಿದ್ದ ಕಾಲದಲ್ಲಿ ಇವೆರಡರ ಸಹವಾಸವು ಅಷ್ಟು ಕೆಟ್ಟಿರಲಿಲ್ಲವೆಂಬುದು ಗಮನಿಸತಕ್ಕದ್ದು. ಇನ್ನು ಹೊಳಪಿನ ಮೋಹವೊಂದುಂಟು. ಬಳಸಿದ ಉಕ್ಕಿನ ಮೇಲೆ ಕಾಲಕ್ರಮದಲ್ಲಿ ಬೂದುಬಣ್ಣದ ತೆಳ್ಳನೆಯ ಪೊರೆ ಕಟ್ಟುವುದು. ಕೆಂಪು ತುಕ್ಕಿನಂತೆ ಅದು ಲೋಹವನ್ನು ತಿನ್ನುವುದಿಲ್ಲ, ಒಂದಷ್ಟು ಕಾಯುವುದು ಸಹ. ಅರಿಯದವನು ಅದನ್ನು ಕೊಳೆಯೆಂದು ಭಾವಿಸಿ ಚಕ್ರಕ್ಕೆ ಹಿಡಿದು ಉಜ್ಜುವನು. ಪೊರೆಯೊಡನೆ ಮಾಡಿದವನ ಮುದ್ರೆಯೂ ಅಳಿಸಿಹೋಗುವುದು. ಇಂತಹ ಉಪಕಾರಿಗಿಂತ ಕೈಕಟ್ಟಿ ಕುಳಿತವನೇ ಮೇಲು.

ಆಯುಧವನ್ನು ಎತ್ತಿಟ್ಟು ಮಾನ್ಯ ಮಾಡುವುದು ಕನ್ನಡನಾಡಿಗೆ ಹೊಸತಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದಿನ ದಿನ ಕೋವಿಯನ್ನೂ ಒಡಿಕತ್ತಿ ಪೀಚೆಕತ್ತಿಗಳನ್ನೂ ಪೂಜಿಸುವರು; ಮಿಕ್ಕ ಕಡೆಗಳಲ್ಲಿ ನವರಾತ್ರಿಯ ಆಯುಧಪೂಜೆ. ಆದರೆ ಆ ಪೂಜೆಗೆ ಅವಧಿಯುಂಟು. ಕುಡುಗೋಲು ಒಂದು ದಿನ ದೇವರ ಮುಂದೆ ಕುಂಕುಮವಿಟ್ಟುಕೊಂಡು ಕುಳಿತು, ಹಬ್ಬ ಕಳೆದೊಡನೆ ಗದ್ದೆಗೆ ಹೊರಡುವುದು. ಕೊಡಗಿನ ಹಬ್ಬದ ತರುವಾಯ ಹಿಂದೆ ಬೇಟೆಯಿತ್ತು. 1972ರ ವನ್ಯಜೀವಿ ಸಂರಕ್ಷಣಾ ಶಾಸನ ಬಂದ ಮೇಲೆ ಕೋವಿಯ ಗುರಿಗೆ ತೆಂಗಿನಕಾಯಿ ಒದಗಿದೆ. ಬೇಟೆಯಿಲ್ಲದೆ ಬೇಟೆಯ ಆಯುಧವನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಆ ಜನರು ಗಾಜಿನ ಪೆಟ್ಟಿಗೆಯನ್ನು ಉತ್ತರವಾಗಿ ಕೊಡಲಿಲ್ಲ.

ಈ ಚೂರಿಗಳು ರಕ್ತದ ಕೆಲಸಕ್ಕೆ ಹುಟ್ಟಿದವು ಎಂಬುದನ್ನು ಮರೆಯುವಂತಿಲ್ಲ. ಬಳಸದ ಚೂರಿಯನ್ನು ಮೆಚ್ಚುವವನ ಮನಸ್ಸಿನಲ್ಲಿ, ಇದರಿಂದ ಯಾವ ಪ್ರಾಣಿಯೂ ಸುಲಿಯಲ್ಪಡಲಿಲ್ಲವೆಂಬ ಸಮಾಧಾನವು ಗುಪ್ತವಾಗಿ ಇರಬಹುದು. ಅದು ಮರ್ಯಾದೆಯ ಭಾವನೆಯೇ ಸರಿ. ಆದರೆ ಚೂರಿಯನ್ನು ತಿರುಗಿಸಿ ಹಿಡಿಯನ್ನು ನೋಡಿದರೆ ಅದು ನಿಲ್ಲುವುದು ಕಷ್ಟ. ಇಂಗ್ಲೆಂಡಿನ ಷೆಫೀಲ್ಡಿನಲ್ಲಿಯೂ ಬೇರೆಡೆಗಳಲ್ಲಿಯೂ ತಯಾರಾದ ಹಳೆಯ ಚೂರಿಗಳ ಎಷ್ಟೋ ಹಿಡಿಗಳು ಭಾರತದ ಕಡವೆಯ ಕೊಂಬಿನವು. ಒಳಗಿನ ತಿರುಳು ಕಡಮೆಯಾಗಿ ಗಟ್ಟಿಯಾಗಿರುವುದರಿಂದ ಆ ಕೊಂಬಿಗೆ ಅಷ್ಟು ಬೇಡಿಕೆ. 20ನೆಯ ಶತಮಾನದ ಕೊನೆಗೆ ಭಾರತದಿಂದ ಅದರ ರಫ್ತು ನಿಂತುದರಿಂದ ಹಳೆಯ ಹಿಡಿಗಳಿಗೆ ಇನ್ನಷ್ಟು ಬೆಲೆ. ಕಡವೆಯು ತನ್ನ ಕೊಂಬನ್ನು ಕಾಲಕಾಲಕ್ಕೆ ತಾನೇ ಉದುರಿಸುವುದು. ಕಾಡಿನ ಜನರು ಅದನ್ನು ಆಯ್ದು ತಂದಿರಬಹುದು. ಕೊಂದ ಕಡವೆಯ ತಲೆಯಿಂದ ಕಡಿದುದೂ ಆಗಿರಬಹುದು. ಸೀಳಿ, ತೇದು, ಮೊಳೆ ಹೊಡೆದು ಕೂಡಿಸಿದ ಆ ಎರಡು ಹೋಳುಗಳನ್ನು ಎಷ್ಟು ಹೊತ್ತು ನೋಡಿದರೂ, ಅದು ಉದುರಿದುದೋ ಕಡಿದುದೋ ಎಂಬುದನ್ನು ಸಂಗ್ರಾಹಕನು ಹೇಳಲಾರನು.