ಗೋಮುಖದಿಂದ ಹಿಂದಿರುಗುವಾಗ

ಬುಕ್ಕಾಂಬುಧಿ ಎಂಬ ಹೆಸರಿನೊಳಗೇ ಒಂದು ಕಡಲಿದೆ. ಊರಿರುವುದು ಮಾತ್ರ ಅಜ್ಜಂಪುರ ತಾಲ್ಲೂಕಿನಲ್ಲಿ. ಅಲ್ಲಿಂದ ತರೀಕೆರೆ ಕಡೆಗೆ ಹೊರಟರೆ ಹೊಲಗಳು ಹಿಂದೆ ಸರಿದು ತೆಂಗು, ಅಡಿಕೆ ತೋಟಗಳು ಎದುರಾಗುತ್ತವೆ. ಆ ತೋಟಗಳ ಸೀಮೆಯಲ್ಲಿದೆ ಅಮೃತಾಪುರ. ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಇಲ್ಲಿ ಶಿವನ ಗುಡಿ ಕಟ್ಟಿಸಿದ. ದೇವರಿಗೂ ಅವನದೇ ಹೆಸರು. ಅವನು ಗೆದ್ದ ಯುದ್ಧಗಳು ಊರಿನವರಿಗೆ ಮರೆತಿರಬಹುದು, ಹೆಸರಿಗಂತೂ ಮಂಗಳಾರತಿ ನಿಂತಿಲ್ಲ.

ಹೋದಾಗೆಲ್ಲ ನಾನು ತಡೆದು ನಿಲ್ಲುವುದು ಮಂಟಪದ ತೆಂಕಣ ಗೋಡೆಯ ಬಳಿ. ಅಲ್ಲಿ 70 ಫಲಕಗಳಲ್ಲಿ ರಾಮಾಯಣವಿದೆ. ಹೊಯ್ಸಳರ ಗುಡಿಗಳಲ್ಲಿ ಕಥೆ ಸಾಮಾನ್ಯವಾಗಿ ಬಲಸುತ್ತಿನಲ್ಲಿ ಸಾಗುತ್ತದೆ, ಪ್ರದಕ್ಷಿಣೆ ಹಾಕುವವರ ಜೊತೆಗೇ. ಬಡಗಣ ಗೋಡೆಯ ಕೃಷ್ಣಕಥೆಯೂ ಭಾರತವೂ ಹಾಗೇ ಇವೆ. ತೆಂಕಣ ರಾಮಾಯಣ ಮಾತ್ರ ಎಡಸುತ್ತು! ಬಲಬಂದವನಿಗೆ ಕೊನೆ ಮೊದಲು ಸಿಗುತ್ತದೆ, ಮೊದಲು ಕೊನೆಗೆ.

ಒಳಗಿನ ಸಂಗತಿಯೂ ಹೀಗೆಯೇ, ಮೊದಲಿನದು ಕೊನೆಗೆ ಸಿಗುತ್ತದೆ. ಇಲ್ಲಿಯ ದೊಡ್ಡ ಶಾಸನದ ಪದ್ಯಗಳು ಜನ್ನನವು. 1209ರ ‘ಯಶೋಧರ ಚರಿತೆ’ಯ ಜನ್ನನನ್ನು ಎಲ್ಲರೂ ಬಲ್ಲರು, ಈ ಕಲ್ಲಿನ ಮೇಲಿರುವವನು ಅದಕ್ಕೂ ಹತ್ತಕ್ಕಿಂತ ಹೆಚ್ಚು ವರ್ಷ ಹಿಂದಿನವನು, ಜೈನನಾಗಿ ಶಿವನ ಗುಡಿಗೆ ಪದ್ಯ ಕಟ್ಟಿದವನು. ಮಂಟಪದ ಚಾವಣಿಯನ್ನು ಕೆತ್ತಿದವರಲ್ಲಿ ರೂವಾರಿ ಮಲ್ಲಿತಮ್ಮನಿದ್ದ, ಇದು ಅವನ ಮೊದಮೊದಲ ಕೆಲಸ ಎನ್ನುತ್ತಾರೆ. ಸೋಮನಾಥಪುರದ ಗುಡಿಯಲ್ಲೂ ಮಲ್ಲಿತಮ್ಮನ ರುಜುವಿದೆ. ನಡುವೆ ಅರವತ್ತಕ್ಕೂ ಹೆಚ್ಚು ವರ್ಷ. ಒಬ್ಬನೇ ಆಗಿದ್ದರೆ ಇಲ್ಲಿ ಉಳಿ ಹಿಡಿದಾಗ ಅವನಿಗೆ ಮೀಸೆಯೂ ಮೂಡಿರಲಾರದು. ಕತ್ತೆತ್ತಿ ನೋಡಿದಾಗ ಆ ಹುಡುಗ ಬಿದ್ದಾನೆಂದು ನನಗೇ ಭಯವಾಗುತ್ತದೆ.

ಈಗ ಗುಡಿ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ, ಪೂಜೆಯೂ ನಡೆದಿದೆ. ಕಳೆದ ಸಲ ನಾನು ಪೂರ್ತಿ ಸುತ್ತು ಹಾಕಲು ಹೊರಟಾಗ ಹಿಂದಿದ್ದ ಅಜ್ಜಿಯೊಬ್ಬರು ತಡೆದರು. “ಶಿವನ ಗುಡಿ ಕಣಪ್ಪ, ಗೋಮುಖ ದಾಟಬಾರ್ದು. ಬಂದ ದಾರೀಲೇ ತಿರುಗು.”

ಅಭಿಷೇಕದ ನೀರು ಹೊರಬೀಳುವ ಆ ಗೋಮುಖದ ಬಳಿಯಿಂದಲೇ ತಿರುಗಿದೆ. ತೆಂಕಣ ಗೋಡೆಯ ಪಕ್ಕ ವಾಪಸು ಬರುತ್ತಿದ್ದಂತೆ ರಾಮಾಯಣ ಮೊದಲಿಂದ ಶುರುವಾಯಿತು. ಶಿಲ್ಪಿಗಳು ಇದನ್ನು ಎಣಿಸಿಯೇ ಕೆತ್ತಿದರೆಂದು ನಾನು ವಾದಿಸಲಾರೆ. ಅಜ್ಜಿ ಫಲಕಗಳತ್ತ ಕಣ್ಣೂ ಹಾಯಿಸದೆ ನನಗಿಂತ ಮುಂದೆ ನಡೆದುಬಿಟ್ಟಿದ್ದರು.