ದವಾ ಮತ್ತು ದುವಾ

ಸೊಸೆ ಊಟ ಬಿಟ್ಟಿದ್ದಾಳೆ, ರಾತ್ರಿಯೆಲ್ಲ ಒಬ್ಬಳೇ ಗೊಣಗುತ್ತಾಳೆ. ಯಾರೋ ಮಾಟ ಮಾಡಿಸಿರಬೇಕು. ಹೀಗೆ ಅನುಮಾನ ಬಂದಾಗ ಗುಜರಾತಿನ ಎಷ್ಟೋ ಮನೆಯವರು, ಹಿಂದೂ ಮುಸ್ಲಿಂ ಎನ್ನದೆ, ಉನಾವಾಕ್ಕೆ ಹೊರಡುತ್ತಾರೆ. ಅಹಮದಾಬಾದಿನ ಉತ್ತರಕ್ಕೆ, ಮೆಹಸಾಣಾ ಜಿಲ್ಲೆಯ ಆ ಊರಿನಲ್ಲಿ ಮೀರಾ ದಾತಾರ್ ದರ್ಗಾ ಇದೆ. ಆರತಿಯ ಹೊತ್ತಿಗೆ ನಮ್ಮ ಗಾಣಗಾಪುರದ ಗುಡಿಯಲ್ಲಿ ನಿಂತವರಿಗೆ ಈ ದರ್ಗಾದಲ್ಲಿ ‘ಗಾಳಿ ಸೋಕಿದವರ’ ಕೂಗಾಟ, ಓಲಾಟ ಹೊಸದೇನಲ್ಲ.

2008ರಲ್ಲಿ ಉನಾವಾದಲ್ಲಿ ‘ದವಾ ಔರ್ ದುವಾ’, ಅಂದರೆ ಔಷಧ ಮತ್ತು ಪ್ರಾರ್ಥನೆ, ಎಂಬ ಕಾರ್ಯಕ್ರಮ ಶುರುವಾಯಿತು. ಆಲ್ಟ್ರೂಯಿಸ್ಟ್ ಎಂಬ ಸಂಸ್ಥೆಯೂ ಗುಜರಾತ್ ಸರ್ಕಾರವೂ ಸೇರಿ ದರ್ಗಾದ ಆವರಣದಲ್ಲೇ ಮನೋವೈದ್ಯರನ್ನು ಕೂರಿಸಿದವು. ಎಂಥವರನ್ನು ವೈದ್ಯರ ಹತ್ತಿರ ಕಳಿಸಬೇಕೆಂದು ದರ್ಗಾ ನೋಡಿಕೊಳ್ಳುವ ಮುಜಾವರರಿಗೆ ತರಬೇತಿ ಸಿಕ್ಕಿತು. ದುವಾ ನಿಲ್ಲಲಿಲ್ಲ, ಜೊತೆಗೆ ಗುಳಿಗೆಯೂ ಬಂತು.

ಇದು ಮೂಢನಂಬಿಕೆಯ ಜೊತೆ ರಾಜಿ ಎಂದು ಹಲವರು ಮೂಗು ಮುರಿಯಬಹುದು. ನನಗೆ ಹಾಗನಿಸುವುದಿಲ್ಲ. ದರ್ಗಾಕ್ಕೆ ಹೋದದ್ದಕ್ಕೆ ವೈದ್ಯರಿಂದ ಬೈಸಿಕೊಂಡ ಮನೆಯವರು ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ‘ಗಾಳಿ ಸೋಕಿದೆ’ ಎಂದಾಗ ತಪ್ಪು ಹೊರಗಿನದ್ದು. ಸೊಸೆಯ ಜೊತೆ ಮನೆಮಂದಿಯೂ ಬಂದು ದರ್ಗಾದಲ್ಲೇ ಉಳಿಯುತ್ತಾರೆ. ‘ತಲೆ ಕೆಟ್ಟಿದೆ’ ಎಂದರೆ ಆ ಹಣೆಪಟ್ಟಿ ಅವಳೊಬ್ಬಳಿಗೇ, ಮರುವಾರ ತವರಿಗೆ ಸಾಗಹಾಕಿದರೂ ಆಶ್ಚರ್ಯವಿಲ್ಲ.

ನಂಬಿಕೆಯ ಇಂಥ ಚಿಕಿತ್ಸೆಯನ್ನು ಬರವಣಿಗೆಯಲ್ಲಿ ಗಂಭೀರವಾಗಿ ತಂದವರಲ್ಲಿ ಮನೋವಿಶ್ಲೇಷಕ ಸುಧೀರ್ ಕಾಕರ್ ಮುಖ್ಯರು. ಅಹಮದಾಬಾದಿನಲ್ಲಿ ಎಂಜಿನಿಯರಿಂಗ್ ಓದಿದವರು. ಗಾಂಧೀಜಿಯ ಮೇಲೆ ಪುಸ್ತಕ ಬರೆಯಲು ಅದೇ ಊರಿಗೆ ಬಂದ ಮನೋವಿಶ್ಲೇಷಕ ಎರಿಕ್ ಎರಿಕ್ಸನ್ ಅವರನ್ನು ಕಂಡು ಮನಸ್ಸಿನ ಶಾಸ್ತ್ರಕ್ಕೆ ತಿರುಗಿದರು, ಜರ್ಮನಿಯಲ್ಲಿ ಫ್ರಾಯ್ಡ್ ಪದ್ಧತಿ ಕಲಿತರು. ರೋಗಿ ಮಾತಾಡಬೇಕು, ವೈದ್ಯ ಸುಮ್ಮನೆ ಕೇಳಬೇಕು ಎಂಬ ಆ ಪದ್ಧತಿ ಇಲ್ಲಿ ತಡವರಿಸಿತು. ಭಾರತದ ರೋಗಿಗೆ ಎದುರಿನವನು ಗುರುವಿನಂತೆ ದಾರಿ ತೋರಬೇಕಿತ್ತು. 1982ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ ಪೀರರು, ಮಾಂತ್ರಿಕರು, ವೈದ್ಯರು ಪಕ್ಕಪಕ್ಕದಲ್ಲೇ ಕೂತಿದ್ದಾರೆ.

ಹಾಗೆಂದು ದರ್ಗಾಗಳನ್ನು ಹೊಗಳಿ ಕೈತೊಳೆದುಕೊಳ್ಳುವಂತಿಲ್ಲ. ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆಂದು ಕರೆತಂದವರನ್ನು ಸರಪಳಿ ಹಾಕಿ ಇಟ್ಟಿದ್ದ ಗುಡಿಸಲಿಗೆ 2001ರ ಆಗಸ್ಟ್ 6ರಂದು ಬೆಂಕಿ ಬಿತ್ತು. 25ಕ್ಕೂ ಹೆಚ್ಚು ಜನ ಕಟ್ಟಿದಲ್ಲೇ ಸುಟ್ಟುಹೋದರು.

ಇಂಥದ್ದು ತಪ್ಪಬೇಕಾದರೆ ಚಿಕಿತ್ಸೆಯೇ ಜನರ ಹತ್ತಿರ ಬರಬೇಕು. ಮನೋವೈದ್ಯವನ್ನು ದೊಡ್ಡ ಆಸ್ಪತ್ರೆಯಿಂದ ಹೊರತಂದ ಹೆಮ್ಮೆ ನಮ್ಮ ಕರ್ನಾಟಕದ್ದೂ ಹೌದು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನೋರೋಗಿಗಳನ್ನು ನೋಡಿಕೊಳ್ಳುವ ಕೆಲಸ ಕಲಿಸಿತು. 1996ರಲ್ಲಿ ಕೇಂದ್ರ ಸರ್ಕಾರ ಅದನ್ನೇ ಮಾದರಿಯಾಗಿಟ್ಟು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಬಳ್ಳಾರಿಯ ದಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ತನಕ ಬಂದಿತ್ತು. ಅದನ್ನು ಹರಕೆ ಹೊತ್ತವರ ಅಂಗಳಕ್ಕೆ ಮುಟ್ಟಿಸಿದ್ದು ಉನಾವಾ.